ಮೋರಿಯ ಪಕ್ಕದ ಹಳದಿ ಕ್ಯಾನು

ಆ ಹುಡುಗಿ ಯಾರನ್ನೂ ತಳ್ಳಲಿಲ್ಲ. ತಳ್ಳಿದವಳು ನನ್ನ ಸೊಸೆ. ನಡೆದದ್ದು ಇಷ್ಟೇ. ಆಮೇಲೆ ವಠಾರದ ಹೆಂಗಸರು ಅದಕ್ಕೆ ಕೈಕಾಲು ಹಚ್ಚಿದರು, ನನ್ನ ಮೊಮ್ಮಗಳು ಕಾಲೇಜಿನಿಂದ ಒಂದು ದೊಡ್ಡ ಮಾತು ತಂದು ಅದರ ಮೇಲೆ ಹೊದಿಸಿದಳು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಕಂಡದ್ದನ್ನು ಬರೆಯುತ್ತೇನೆ.

ಲಿಂಗರಾಜಪುರದ ಈ ವಠಾರದಲ್ಲಿ ತೊಳೆಯುವುದಕ್ಕೆ ಬೋರಿನ ನೀರಿದೆ. ಕುಡಿಯುವ ಕಾವೇರಿಗೆ ಒಂದೇ ನಲ್ಲಿ. ದಿನ ಬಿಟ್ಟು ದಿನ ನಸುಕಿನಲ್ಲಿ ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತದೆ. ಅದಕ್ಕೆ ಹಿಂದಿನ ಸಂಜೆಯೇ ಎಲ್ಲರೂ ಕೊಡ ತಂದು ಸಾಲಿಗೆ ಇಟ್ಟುಬಿಡುತ್ತಾರೆ. ಕೊಡ ಇದ್ದರೆ ಆಳು ಇದ್ದಂತೆ. ನೀನು ಮಲಗಿರು, ಜ್ವರ ಬಂದು ಬಿದ್ದಿರು, ನಿನ್ನ ಸರದಿ ಬಂದಾಗ ಹಿಂದಿನವಳು ನಿನ್ನ ಕೊಡ ತುಂಬಿಸಿ ಪಕ್ಕಕ್ಕಿಟ್ಟು ಆಮೇಲೆ ತನ್ನದನ್ನು ಹಿಡಿಯುತ್ತಾಳೆ. ಜಗಳವಾಡಿ ಮಾತು ಬಿಟ್ಟವರ ಕೊಡವನ್ನೂ ತುಂಬಿಸುತ್ತಾರೆ. ವಠಾರದಲ್ಲಿ ಸರಿಯಾಗಿ ನಡೆಯುವುದು ಇದೊಂದೇ.

ಮೇಲಿನ ಶೀಟಿನ ಕೋಣೆಗೆ ಉಗಾಂಡಾ ದೇಶದ ಹುಡುಗಿ ಬಂದಳು. ಓದಲು ಬಂದವಳು. ಕೆಲವು ದಿನ ಮೆಟ್ಟಿಲ ಮೇಲೆ ನಿಂತು ನಮ್ಮ ಸಾಲನ್ನು ನೋಡಿದಳು, ಆಮೇಲೆ ತಾನೂ ಒಂದು ಹಳದಿ ಕ್ಯಾನು ತಂದು ಕೊನೆಗೆ ಇಟ್ಟಳು. ಬೆಳಿಗ್ಗೆ ನೋಡಿದರೆ ಆ ಕ್ಯಾನು ಮೋರಿಯ ಪಕ್ಕದಲ್ಲಿತ್ತು. ಮುಂದಿನ ಸಲವೂ ಅಲ್ಲೇ. ಅವಳು ಅದನ್ನು ಎತ್ತಿ ಮತ್ತೆ ಕೊನೆಗೆ ಇಡುತ್ತಿದ್ದಳು. ಅಷ್ಟರಲ್ಲಿ ನೀರು ನಿಂತಿರುತ್ತಿತ್ತು.

"ಯಾಕ ತೆಗದಿ ಅದನ್ನ?" ಎಂದು ಸೊಸೆಯನ್ನು ಕೇಳಿದೆ. ಅವಳು ಕ್ಯಾನು ಎತ್ತಿ ಮೋರಿಯ ಕಡೆ ಇಡುವುದನ್ನು ಕಂಡಿದ್ದೆ.

"ಅಕಿ ಕೈ ಮುಟ್ಟಿದ ನಲ್ಲಿ ಅತ್ತಿ. ಕುಡಿಯೋ ನೀರು."

"ಅಕಿ ಕೈಗೇನಾಗ್ಯಾದ?"

"ನೋಡೀರಿಲ್ಲ? ರೊಟ್ಟಿ ಹಂಚಿನ ತಳ ಇದ್ದಂಗ ಅದಾಳ."

"ನೀ ಭಾಳ ಬೆಳ್ಳಗದಿ ನೋಡು."

ಪಕ್ಕದ ಕೋಣೆಯ ತಮಿಳು ಹೆಂಗಸು ಕೊಡ ತಿಕ್ಕುತ್ತ ಕೂತಿದ್ದಳು. "ಅಯ್ಯಯ್ಯೋ ಅಜ್ಜಿ, ಮೊದ್ಲು ಸೊಸೆಗೆ ಒಂದು ಡಬ್ಬ ಪೌಡರ್ ಕೊಡ್ಸಿ!" ಎಂದು ಬಿದ್ದು ಬಿದ್ದು ನಕ್ಕಳು. ನಕ್ಕವಳೇ ಮುಂದಿನ ಸಲ ಕ್ಯಾನನ್ನು ಕಾಲಿನಿಂದ ಸರಿಸಿದಳು.

ಒಮ್ಮೆ ಬಟ್ಟೆ ಒಣಹಾಕಲು ಮೇಲೆ ಹೋದಾಗ ಅವಳ ಬಾಗಿಲು ತೆರೆದಿತ್ತು. ತಟ್ಟೆಯಲ್ಲಿ ಬೆಳ್ಳಗಿನ ಮುದ್ದೆ ಇತ್ತು, ಬಣ್ಣ ಬಿಟ್ಟರೆ ಈ ಕಡೆಯವರ ರಾಗಿ ಮುದ್ದೆಯ ಹಾಗೆಯೇ. ಕೆಳಗೆ ಬಂದು ಹೇಳಿದೆ. "ಇರ್ಲಿ ಬಿಡ್ರಿ" ಎಂದಳು ಸೊಸೆ. ಅದರಿಂದ ಏನೂ ಆಗಲಿಲ್ಲ, ಆಗುತ್ತದೆಂದು ನಾನೂ ತಿಳಿದಿರಲಿಲ್ಲ. ಒಂದೇ ತರ ಉಂಡವರು ಒಂದಾಗುವ ಹಾಗಿದ್ದರೆ ಯಾದಗಿರಿ ಕಡೆಯ ನಮ್ಮ ಊರಿನಲ್ಲಿ ಎರಡು ಬಾವಿ ಯಾಕಿರುತ್ತಿದ್ದವು?

ಜಗಳವಾದ ದಿನ ಹುಡುಗಿ ನೀರು ಬರುವ ಮೊದಲೇ ಇಳಿದು ಬಂದು ತನ್ನ ಕ್ಯಾನಿನ ಪಕ್ಕ ನಿಂತಿದ್ದಳು. ನಾನು ಹೊಸ್ತಿಲಲ್ಲಿ ಕೂತಿದ್ದೆ. ಸೊಸೆ ಹೊರಗೆ ಬಂದು ಕ್ಯಾನು ಎಳೆದಳು. ಹುಡುಗಿ ಬಿಡಲಿಲ್ಲ. "ಆಂಟಿ, ನನ್ನ ಲೈನ್. ನನ್ನ ಲೈನ್ ಇದು" ಎಂದಳು, ಅಷ್ಟು ಕನ್ನಡ ಕಲಿತಿದ್ದಳು. ಸೊಸೆ ಎರಡೂ ಕೈಯಿಂದ ಅವಳನ್ನು ತಳ್ಳಿದಳು. ಹುಡುಗಿ ನಲ್ಲಿಯ ಕಟ್ಟೆಯ ಮೇಲೆ ಬಿದ್ದಳು, ಮೊಣಕೈ ತರಚಿತು. ಸಾಲಿನಲ್ಲಿದ್ದ ನಮ್ಮ ಕೊಡವೂ ಉರುಳಿ ನೆಗ್ಗಿತು. ಸೊಸೆ ನೆಗ್ಗಿದ ಕೊಡ ನೋಡಿ, "ನನ್ನ ತಳ್ಳಿದ್ಲು! ಕೊಡ ಒಗದ್ಲು!" ಎಂದು ಬಾಯಿ ಮಾಡಿದಳು. ಹೆಂಗಸರು ಸುತ್ತುಗಟ್ಟಿದರು. ಹುಡುಗಿ ಖಾಲಿ ಕ್ಯಾನು ಹಿಡಿದು ಮೇಲೆ ಹೋದಳು.

ಮಧ್ಯಾಹ್ನ ಮೊಮ್ಮಗಳು ಬಂದಳು. ಅವಳು ಆ ಹುಡುಗಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ಆ ಹುಡುಗಿ ಈ ಕೋಣೆ ಸಿಗುವ ಮೊದಲು ಎಷ್ಟೋ ಬೀದಿ ಅಲೆದಳಂತೆ. ಫೋನಿನಲ್ಲಿ ಬಾ ಎಂದವರು ಮುಖ ನೋಡಿ ಬಾಡಿಗೆಗಿಲ್ಲ ಎಂದರಂತೆ. ಈಗ ಪರೀಕ್ಷೆ ಬೇರೆ ನಡೆಯುತ್ತಿದೆಯಂತೆ.

"ಇದಕ್ಕ ರೇಸಿಸಂ ಅಂತಾರ ಅಲ್ಲೇನ?" ಎಂದೆ. ಟಿವಿಯಲ್ಲಿ ಕೇಳಿದ್ದೆ.

"ಇಲ್ಲ ಅಜ್ಜಿ. ಪವರ್ ಇರೋರು ಮಾಡಿದ್ರೆ ಮಾತ್ರ ರೇಸಿಸಂ. ಕೆಲಸ, ಮನೆ, ಪೊಲೀಸು ಎಲ್ಲಾ ಅವರ ಕೈಯಲ್ಲಿರುತ್ತಲ್ಲ, ಅದಕ್ಕೆ. ನಮ್ಮ ಹತ್ರ ಏನಿದೆ? ಅಮ್ಮಂದು ತಪ್ಪೇ, ಆದ್ರೆ ಅದು ಬೇರೆ. ಕ್ಲಾಸಲ್ಲಿ ಮೇಡಂ ಹೇಳಿದ್ರು."

ಸೊಸೆ ಒಳಗಿನಿಂದ, "ಹಂಗಾದ್ರ ನಾ ಏನೂ ಮಾಡಿಲ್ಲ, ಮುಗೀತು!" ಎಂದಳು.

"ಅಮ್ಮಾ, ನಾನು ಹಾಗೆ ಹೇಳ್ಲಿಲ್ಲ!"

ಮೊಮ್ಮಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸೊಸೆ ರಿಚರ್ಡ್ಸ್ ಟೌನಿನ ಫ್ಲಾಟುಗಳಲ್ಲಿ ನೆಲ ಒರೆಸುತ್ತಾಳೆ. ಅಲ್ಲಿ ಕೆಲಸದವರಿಗೆ ಬೇರೆ ಲಿಫ್ಟು. ಅವಳ ಲೋಟ ಬಾಲ್ಕನಿಯ ಕಿಟಕಿಯಲ್ಲಿ ಬೋರಲು ಇರುತ್ತದೆ. ನಾಳೆಯಿಂದ ಬರಬೇಡ ಎಂದು ಆ ಮನೆಯವರು ಒಂದು ಮಾತಂದರೆ ನಮ್ಮ ತಿಂಗಳು ಕೆಡುತ್ತದೆ. ನಮಗೆ ಹಾಗೆ ಒಬ್ಬರ ತಿಂಗಳು ಕೆಡಿಸುವ ತಾಕತ್ತು ಎಲ್ಲಿದೆ? ಆ ಹುಡುಗಿಯ ಇಂಗ್ಲಿಷಿಗೆ ಬ್ಯಾಂಕಿನಲ್ಲಿ ಕುರ್ಚಿ ಕೊಡುತ್ತಾರೆ, ನಮಗೆ ಕೊಡುವುದಿಲ್ಲ. ಅದೂ ನಿಜ. ಯೋಚಿಸಿ ತಲೆ ಭಾರವಾಯಿತು, ಮಲಗಿದೆ.

ಮರುದಿನ ಸಂಜೆ ವಠಾರದ ಮಾಲೀಕರು ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡರು. ಹುಡುಗಿ ಮೆಟ್ಟಿಲ ಮೇಲೆ ನಿಂತಿದ್ದಳು.

"ನೋಡ್ರಮ್ಮ, ನಂಗೆ ಸ್ಟೇಷನ್ನು, ಗಲಾಟೆ ಯಾವುದೂ ಬೇಡ. ಅವಳು ಕೈ ಮಾಡಿದ್ದು ನಿಜ ಆದ್ರೆ ನಾಳೇನೇ ಖಾಲಿ ಮಾಡಿಸ್ತೀನಿ. ಏನಂತೀರಿ?"

"ಹೌದು ಸಾರ್, ಅವಳೇ ಮಾಡಿದ್ದು" ಎಂದಳು ತಮಿಳು ಹೆಂಗಸು. ಅವಳು ಆ ಹೊತ್ತಿಗೆ ಹೊರಗೇ ಬಂದಿರಲಿಲ್ಲ. ಉಳಿದವರೂ ಹೌದು ಹೌದು ಎಂದರು. ಮಾಲೀಕರು ಒಬ್ಬೊಬ್ಬರಿಗೂ ತಲೆಯಾಡಿಸುತ್ತಿದ್ದರು. ನಮ್ಮ ಮಾತನ್ನು ಯಾರಾದರೂ ಇಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಈ ಊರಿನಲ್ಲಿ ನೋಡಿರಲಿಲ್ಲ. ಪವರ್ ಎಂದರೆ ಇದೇ ಇರಬೇಕು ಎನ್ನಿಸಿತು. ಒಂದು ಸಂಜೆಯ ಮಟ್ಟಿಗೆ, ಒಂದು ಕೋಣೆಯ ಮಟ್ಟಿಗೆ ಬಂದಿತ್ತು. ಹುಡುಗಿಗೆ ಇರುವುದು ಆ ಒಂದು ಕೋಣೆಯೇ.

"ಅಜ್ಜಿ, ನೀವು ದೊಡ್ಡವರು, ಅಲ್ಲೇ ಕೂತಿದ್ರಂತೆ. ನೀವೂ ಒಂದ್ಮಾತು ಹೇಳ್ಬಿಡಿ."

ನಿಜ ಹೇಳಿದರೆ ನಮ್ಮನ್ನೇ ಎಬ್ಬಿಸಬಹುದು ಎಂದು ಗೊತ್ತಿತ್ತು. ಹಿಂದೆ ಹೊಸ ತಿಪ್ಪಸಂದ್ರದಲ್ಲಿ ಇದ್ದಾಗ ನಸುಕಿನಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದಿಗೆ ನಿದ್ದೆ ಕೆಡುತ್ತದೆ ಎಂದು ಖಾಲಿ ಮಾಡಿಸಿದ್ದರು. "ನಿಮ್ ಕಡೆಯವರದ್ದು ಇದೇ ಆಯ್ತು" ಎಂದಿದ್ದರು. ಪಾತ್ರೆ ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದದ್ದು ಹಾಗೆ. ಇನ್ನೊಮ್ಮೆ ಗಂಟು ಕಟ್ಟುವ ಶಕ್ತಿ ನನಗಿಲ್ಲ.

"ಅಕಿ ತಳ್ಳಿಲ್ರಿ" ಎಂದೆ. "ನಮ್ಮಕಿನೇ ತಳ್ಳ್ಯಾಳ. ಅಕಿ ಕ್ಯಾನು ಸಾಲಿನ್ಯಾಗ ಇತ್ತು."

"ಏನಜ್ಜಿ, ಸ್ವಂತ ಸೊಸೆ ಮೇಲೆ..."

"ಇಲ್ಲೇ ಅದಾಳಲ್ರಿ, ಕೇಳ್ರಿ."

ಸೊಸೆ ನೆಲ ನೋಡಿದಳು. ಇಲ್ಲ ಎನ್ನಲಿಲ್ಲ. ಮಾಲೀಕರಿಗೆ ನನ್ನ ಮೇಲೆ ಸಿಟ್ಟು ಬಂತು. ಸುಲಭವಾಗಿ ಮುಗಿಯುತ್ತಿದ್ದುದನ್ನು ನಾನು ಕೆಡಿಸಿದ್ದೆ. "ಸರಿ, ಅವಳು ಇರ್ಲಿ. ಆದ್ರೆ ಇನ್ನೊಂದ್ಸಲ ನಲ್ಲಿ ಹತ್ರ ಗಲಾಟೆ ಆಯ್ತೋ, ನಿಮ್ಮನೇನೇ ಖಾಲಿ" ಎಂದು ಎದ್ದುಹೋದರು. ಹುಡುಗಿ ನನ್ನ ಕಡೆ ನೋಡಿ ಏನೋ ಹೇಳಲು ಹೊರಟಳು. ನಾನು ಒಳಗೆ ಬಂದೆ. ಸಾಲು ಹಾಳಾಗಿತ್ತು, ಅದನ್ನು ಹೇಳಿದ್ದೆ. ಅವಳ ಥ್ಯಾಂಕ್ಸ್ ನನಗೆ ಬೇಕಿರಲಿಲ್ಲ.

ಸೊಸೆ ಹಿಂದೆಯೇ ಬಂದಳು. "ಮಂದಿ ಮುಂದ ನನ್ನ ಮಾನ ಕಳದ್ರಿ. ಫ್ಲಾಟಿನ ಅಮ್ಮೋರು ನನ್ನ ಲೋಟ ಹೊರಗ ಇಡ್ತಾರಲ್ಲ, ಅವರಿಗೆ ಹೋಗಿ ಹೇಳ್ರಿ ನೋಡೂಣು!"

"ಅವರಿಗೆ ಹೇಳಾಕ ನನ್ನ ಕೈಲಿ ಆಗಲ್ಲ. ನಿನಗ ಹೇಳಾಕ ಆಗ್ತದ."

"ಇದು ನ್ಯಾಯ ಏನು?"

"ಅಲ್ಲ."

ಆ ಸಂಜೆ ಸಾಲಿಗೆ ಕೊಡವನ್ನು ನಾನೇ ಇಟ್ಟು ಬಂದೆ. ಹಳದಿ ಕ್ಯಾನು ನಮ್ಮದಕ್ಕಿಂತ ಮುಂದೆ ಇತ್ತು.

ಬೆಳಿಗ್ಗೆ ಎದ್ದು ಹೋದರೆ ಕ್ಯಾನು ಮೋರಿಯ ಪಕ್ಕದಲ್ಲಿತ್ತು. ಅದರ ಪಕ್ಕದಲ್ಲಿ ನಮ್ಮ ನೆಗ್ಗಿದ ಕೊಡ. ಹೆಂಗಸರು ನಲ್ಲಿಯ ಸುತ್ತ ಸೆರಗು ಹೊದ್ದು ನಿಂತಿದ್ದರು. ಯಾರು ತೆಗೆದಿರಿ ಎಂದು ನಾನು ಕೇಳಲಿಲ್ಲ. ಎರಡನ್ನೂ ತಂದು ಇದ್ದ ಜಾಗದಲ್ಲೇ ಇಟ್ಟು, ಸರದಿ ಬರುವವರೆಗೆ ಕಟ್ಟೆಯ ಮೇಲೆ ಕೂತೆ. ಮೊದಲು ಕ್ಯಾನು ತುಂಬಿಸಿ ಮೆಟ್ಟಿಲ ಬುಡದಲ್ಲಿ ಇಟ್ಟೆ. ಹತ್ತಲು ನನ್ನ ಮೊಣಕಾಲು ಕೇಳುವುದಿಲ್ಲ, ಬೇಕಾದವಳು ಇಳಿದು ಬಂದು ಒಯ್ಯಲಿ. ಆಮೇಲೆ ನಮ್ಮ ಕೊಡ ತುಂಬಿಸಿಕೊಂಡು ಒಳಗೆ ಹೋದೆ. ಸೊಸೆ ರೊಟ್ಟಿ ಬಡಿಯುತ್ತಿದ್ದಳು, ಎಂದಿಗಿಂತ ಜೋರಾಗಿ. ಕೊಡ ಇಳಿಸಿ, ಅವಳ ಎದುರು ಕೂತು, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ.