ಹದಿನೇಳನೇ ಮೊಳೆ

ಚಿನ್ನದ ಗಣಿಯ ಕೆಲಸಗಾರರಿಗೆ ಕಟ್ಟಿಸಿದ ನಂದಿದುರ್ಗದ ಲೈನು ಮನೆಗಳಲ್ಲಿ ಅಮ್ಮಾಜಮ್ಮನ ಬಾಯಿಗೆ ಹೆದರದಿದ್ದದ್ದು ಅವಳ ಬೆಕ್ಕು ಒಂದೇ. ಮಿಕ್ಕವರೆಲ್ಲ, ಅದರಲ್ಲೂ ಬಿಳಿ ಅಂಗಿ ಹಾಕಿಕೊಂಡು ಊರು ಉದ್ಧಾರ ಮಾಡಲು ಹೊರಟ ಮಹನೀಯರು, ಅವಳನ್ನು ಕಂಡರೆ ರಸ್ತೆಯ ಆ ಬದಿಗೆ ಸರಿಯುತ್ತಿದ್ದರು. ಸರಿದರೆ ಈ ಬದಿಯಾದರೂ ಚೊಕ್ಕಟವಾಯಿತಲ್ಲ ಅಂತ ಅವಳಿಗೂ ಸಮಾಧಾನ.

ಕಾಮಸಮುದ್ರದ ಕಡೆಯ ಹಳ್ಳಿಯಿಂದ ಹದಿನೆಂಟನೇ ವಯಸ್ಸಿಗೆ ಗಣಿ ಕೆಲಸದವನ ಕೈಹಿಡಿದು ಬಂದವಳು. ಮನೆಯೊಳಗೆ ತೆಲುಗು, ಬೀದಿಯಲ್ಲಿ ತಮಿಳು, ಬೈಯುವುದಕ್ಕೆ ಕನ್ನಡ. ಗಂಡ ವರ್ಷಗಟ್ಟಲೆ ಕಲ್ಲುದೂಳು ಕುಡಿದು, ಉಸಿರಿಗಾಗಿ ಒದ್ದಾಡಿ ಸತ್ತ. ಸತ್ತ ದಿನ ಕಾರ್ಮಿಕ ಸಂಘದವರು ಮೂರು ಹಾರ ತಂದರು; ಬದುಕಿದ್ದಾಗ ಬಂದು ಉಸಿರು ಹೇಗಿದೆ ಅಂತ ಕೇಳಿದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಆಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಇಪ್ಪತ್ತು ವರ್ಷ ದುಡಿದಳು. ಈಗ ಅರವತ್ತೆರಡರಲ್ಲಿ ಒಂದು ಸಂಸ್ಥೆಯ ಪರವಾಗಿ ಲೈನಿನ ಕೊನೆಯ ಕೋಣೆಯಲ್ಲಿ ಕೂತಿದ್ದಾಳೆ. ನಶೆ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡುವುದು, ಹಳೆಯದನ್ನು ಡಬ್ಬದೊಳಗೆ ಹಾಕಿಸುವುದು, ಕೀವು ಕಟ್ಟಿದ ತೋಳಿಗೆ ಪಟ್ಟಿ ಕಟ್ಟುವುದು, ಬೈದು ಬೈದು ರಕ್ತ ಪರೀಕ್ಷೆಗೆ ಕಳಿಸುವುದು, ಇಷ್ಟು ಅವಳ ಕೆಲಸ. ಒಂದೇ ಸೂಜಿ ಐದು ಮೈ ಹೊಕ್ಕರೆ ಒಬ್ಬನ ಕಾಯಿಲೆ ಐವರಿಗೂ ಹತ್ತುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಡಿಗ್ರಿ ಬೇಕಾಗಿಲ್ಲ. ಆದರೆ ಡಿಗ್ರಿ ಇದ್ದವರಿಗೇ ಅದು ಅರ್ಥವಾಗುತ್ತಿರಲಿಲ್ಲ.

"ನೀನು ಸೂಜಿ ಕೊಟ್ಟೇ ಹುಡುಗರು ಕೆಡ್ತಾ ಇರೋದು" ಅಂತ ಯಾರಾದರೂ ಅಂದರೆ ಸಾಕು, ಶುರು.

"ಕೊಡೆ ಕೊಟ್ರೆ ಮಳೆ ಬತ್ತದೇನಯ್ಯಾ? ಮಳೆ ಆಗ್ಲೇ ಉಯ್ತಾ ಐತೆ. ನೆನೆಯೋರ ಕೈಗೆ ಕೊಡೆ ಕೊಟ್ಟಿದೀನಿ. ನಿಂಗೆ ಅಷ್ಟು ಒಟ್ಟೆ ಉರಿ ಇದ್ರೆ ಓಗು, ಮೋಡಕ್ಕೆ ಬೈಕೋ."

ಕೋಣೆಯ ಗೋಡೆಯ ಮೇಲೆ ಒಂದು ಹಲಗೆ ಇತ್ತು. ಅದರಲ್ಲಿ ಮೂವತ್ತೆರಡು ಮೊಳೆ, ಮೊಳೆಗೊಂದು ತಗಡಿನ ಬಿಲ್ಲೆ, ಬಿಲ್ಲೆಗೊಂದು ನಂಬರು. ಬಿಸ್ಕತ್ತಿನ ಡಬ್ಬ ಕತ್ತರಿಸಿ ಅವಳೇ ಮಾಡಿದ್ದು. ಇದು ಗಣಿಯ ಪದ್ಧತಿ. ಅವಳ ಗಂಡ ಕೆಳಗಿಳಿಯುವಾಗ ತನ್ನ ಬಿಲ್ಲೆ ತೆಗೆದುಕೊಂಡು ಹೋಗುತ್ತಿದ್ದ, ಮೇಲೆ ಬಂದಾಗ ಅದೇ ಮೊಳೆಗೆ ಹಾಕುತ್ತಿದ್ದ. ಪಾಳಿ ಮುಗಿದ ಮೇಲೂ ಮೊಳೆ ಖಾಲಿ ಇದ್ದರೆ ಒಬ್ಬ ಇನ್ನೂ ಒಳಗೇ ಇದ್ದಾನೆ ಅಂತ ಅರ್ಥ. ಅಮ್ಮಾಜಮ್ಮನ ಲೆಕ್ಕವೂ ಅದೇ. ಬೆಳಿಗ್ಗೆ ಸೂಜಿ ಒಯ್ಯುವವರು ಬಿಲ್ಲೆಯನ್ನೂ ಒಯ್ಯಬೇಕು, ಎಲ್ಲಿಗೆ ಹೋಗುತ್ತೀನಿ ಅಂತ ಅವಳ ಕಿವಿಯಲ್ಲಿ ಹೇಳಬೇಕು, ನಾಲ್ಕು ಗಂಟೆಯೊಳಗೆ ಹಳೆ ಸೂಜಿ ಡಬ್ಬಕ್ಕೆ, ಬಿಲ್ಲೆ ಮೊಳೆಗೆ. ನಾಲ್ಕಾದರೂ ಮೊಳೆ ಖಾಲಿ ಇದ್ದರೆ ಅವಳು ಚೀಲ ಹೆಗಲಿಗೇರಿಸಿ ಹುಡುಕಿಕೊಂಡು ಹೊರಡುತ್ತಿದ್ದಳು. ಚೀಲದಲ್ಲಿ ನಶೆ ಹೆಚ್ಚಾಗಿ ಉಸಿರು ನಿಂತವರಿಗೆ ಕೊಡುವ ಇಂಜೆಕ್ಷನ್ ಇರುತ್ತಿತ್ತು. ಹಾಗೆ ನಾಲ್ವರನ್ನು ಎಳೆದು ತಂದಿದ್ದಾಳೆ. ಯಾವ ನಂಬರು ಯಾರದು ಅಂತ ಮಾತ್ರ ಅವಳ ಗಂಟಲು ಕುಯ್ದರೂ ಹೊರಗೆ ಬರುತ್ತಿರಲಿಲ್ಲ.

ಇನ್ನು ಕುಪ್ಪುಸ್ವಾಮಿ. ಬಡಾವಣೆ ಹಿತರಕ್ಷಣಾ ಸಮಿತಿಯ ಕಾರ್ಯದರ್ಶಿ. ಹಿತ ಯಾರದು, ರಕ್ಷಣೆ ಯಾರಿಂದ, ಅದನ್ನು ಸಮಿತಿ ಇವತ್ತಿಗೂ ತೀರ್ಮಾನಿಸಿಲ್ಲ. ಗಣಿ ಮುಚ್ಚುವವರೆಗೆ ಮೈಸೂರು ಮೈನ್ಸ್‌ನಲ್ಲಿ ಬಿಲ್ಲೆ ಕಿಟಕಿಯ ರೈಟರ್, ಅಂದರೆ ಲೆಕ್ಕದ ಗುಮಾಸ್ತ, ಆಗಿದ್ದವನು. ಇಪ್ಪತ್ತೆರಡು ವರ್ಷ ಅದೇ ಕಿಟಕಿ, ಅದೇ ಹಲಗೆ. ಒಂದು ಸಲ ಪಾಳಿ ಮುಗಿದಾಗ ಒಂದು ಮೊಳೆ ಖಾಲಿ ಇದ್ದದ್ದನ್ನು ಕಂಡು, ಕಿಟಕಿ ಮುಚ್ಚಲು ಬಿಡದೆ ಜನರನ್ನು ಕೆಳಗಿಳಿಸಿ ಒಬ್ಬನ ಜೀವ ಉಳಿಸಿದ ಕಥೆಯನ್ನು ಎಲ್ಲ ಸಭೆಯಲ್ಲೂ ಹೇಳುತ್ತಿದ್ದ. ಕೇಳಿ ಕೇಳಿ ಸಭೆಯ ಕುರ್ಚಿಗಳಿಗೂ ಅದು ಬಾಯಿಪಾಠವಾಗಿತ್ತು.

ಆ ಮಂಗಳವಾರ ಅಮ್ಮಾಜಮ್ಮ ಹೊಸ ಸೂಜಿಗಳ ಪೆಟ್ಟಿಗೆ ತರಲು ಬಂಗಾರಪೇಟೆಗೆ ಹೋಗಿದ್ದಳು. ವಾಪಸ್ಸು ಬರುವ ಬಸ್ಸು ತಡವಾಗಿ, ಬಂದು ಸೇರುವಾಗ ನಾಲ್ಕು ಕಳೆದಿತ್ತು. ಕೋಣೆಯ ಬಾಗಿಲು ಹಾರು ಹೊಡೆದಿತ್ತು, ಗೋಡೆ ಬೋಳಾಗಿತ್ತು. ಪಕ್ಕದ ಮನೆ ಸುಕನ್ಯ ಓಡಿಬಂದು ಹೇಳಿದಳು: "ಮೂರು ಗಂಟೆಗೆ ಸಮಿತಿಯೋರು ಬಂದ್ರಕ್ಕಾ. ಕುಪ್ಪುಸ್ವಾಮಣ್ಣ ನಿಂತ್ಕೊಂಡು ಭಾಷಣ ಮಾಡಿ ಅಲಗೆ ಕೀಳ್ಸಿದ್ರು. ನಶೆಕೋರರ ಸಂಘದ ಬಿಲ್ಲೆ ಅಂತೆ, ಪೇಪರ್ನೋರಿಗೆ ತೋರಿಸ್ತಾರಂತೆ. ಆಮೇಲೆ ಬಿಲ್ಲೆ ಆಕೋಕೆ ಯಾರೂ ಬಂದಿಲ್ಲ."

ಬೆಳಿಗ್ಗೆ ಹನ್ನೊಂದು ಜನ ಬಿಲ್ಲೆ ಒಯ್ದಿದ್ದರು. ಯಾರು ವಾಪಸ್ಸು ಹಾಕಿದರು, ಯಾರು ಹಾಕಲಿಲ್ಲ, ಹೇಳುವುದು ಆ ಹಲಗೆ ಒಂದೇ. ಅಮ್ಮಾಜಮ್ಮ ಇಂಜೆಕ್ಷನ್ನಿನ ಚೀಲ ಹೆಗಲಿಗೇರಿಸಿದಳು. ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಕುಪ್ಪುಸ್ವಾಮಿಯ ಮನೆಗೆ ನಡೆದಳು; ನಡೆದಳು ಅನ್ನುವುದೇನು, ಓಡಿದಳು.

ಹಲಗೆ ಜಗುಲಿಯ ಮೇಲೆ ಗೋಡೆಗೆ ಒರಗಿತ್ತು. ಪಕ್ಕದಲ್ಲಿ ಕುಪ್ಪುಸ್ವಾಮಿ, ಹುಲಿ ಹೊಡೆದವನ ಠೀವಿಯಲ್ಲಿ, ಪೇಪರಿನವರಿಗಾಗಿ ಕೂದಲು ಬಾಚಿಕೊಂಡು ಕೂತಿದ್ದ. ಅಮ್ಮಾಜಮ್ಮ ಅವನ ಮುಖವನ್ನೂ ನೋಡದೆ ಮೊಳೆಗಳನ್ನು ನೋಡಿದಳು. ಮೂವತ್ತೊಂದು ಬಿಲ್ಲೆ. ಹದಿನೇಳನೇ ಮೊಳೆ ಖಾಲಿ.

"ತರೋವಾಗ ಒಂದು ಬೀಳಿಸಿದ್ಯಾ?"

"ಬೀಳಿಸೋದಾ? ನಾನಾ? ಇಪ್ಪತ್ತೆರಡು ವರ್ಷ ಬಿಲ್ಲೆ ನೋಡ್ದೋನು ಕಣಮ್ಮಾ ನಾನು. ಎಂಗಿತ್ತೋ ಅಂಗೇ ತಂದಿದೀನಿ."

"ಅಂಗಾದ್ರೆ ನೀನೇ ಯೋಳು ರೈಟರಣ್ಣ. ಪಾಳಿ ಮುಗಿದ್ಮೇಲೆ ಮೊಳೆ ಖಾಲಿ ಇದ್ರೆ ಏನರ್ಥ?"

ಕುಪ್ಪುಸ್ವಾಮಿ ತಿರುಗಿದ. ಹಲಗೆ ನೋಡಿದ. ಅಲ್ಲಿಯವರೆಗೆ ಅದನ್ನು ಹೊತ್ತು ತಂದಿದ್ದ, ಒರೆಸಿ ಇಟ್ಟಿದ್ದ, ಪಕ್ಕದಲ್ಲಿ ಕೂತು ಎರಡು ಲೋಟ ಕಾಫಿ ಕುಡಿದಿದ್ದ, ಆದರೆ ನೋಡಿರಲಿಲ್ಲ. ಬಾಚಿದ ತಲೆಯೊಳಗೆ ಹಳೆಯ ರೈಟರ್ ಎದ್ದು ಕೂತ.

"ಒಬ್ಬ ಒಳಗಿದಾನೆ" ಅಂದ.

"ಎಲ್ಲಿ ಅಂತ ನಂಗೆ ಗೊತ್ತು. ಸ್ಕೂಟರ್ ತೆಗಿ."

ಹೊರಡುವಾಗ ಅಮ್ಮಾಜಮ್ಮ ಹೊಸ್ತಿಲ ಕಡೆ ಒಮ್ಮೆ ನೋಡಿದಳು. ಹೆಣ್ಣುಮಕ್ಕಳ ಚಪ್ಪಲಿ ಅಲ್ಲಿ ಇರಲಿಲ್ಲ. ಹದಿನೇಳು ಅಂದರೆ ಮೀನಾ, ಕುಪ್ಪುಸ್ವಾಮಿಯ ಮಗಳು, ಇಪ್ಪತ್ತೊಂಬತ್ತು ವಯಸ್ಸು. ಬಂಗಾರಪೇಟೆಯ ಗಾರ್ಮೆಂಟ್ಸಿಗೆ ಹೋಗುತ್ತೀನಿ ಅಂತ ಬೆಳಿಗ್ಗೆ ರೈಲಿನ ಹೊತ್ತಿಗೆ ಮನೆ ಬಿಡುವವಳು. ಆ ಕೆಲಸ ಹೋಗಿ ಏಳು ತಿಂಗಳಾಗಿತ್ತು. ಊರಿನ ಹಿತವನ್ನೆಲ್ಲ ರಕ್ಷಿಸುವವನಿಗೆ ಮನೆಯ ಸುದ್ದಿ ಗೊತ್ತಿರಲಿಲ್ಲ. ಹೇಳಿಬಿಡಲೇ ಅಂತ ಅಮ್ಮಾಜಮ್ಮನ ನಾಲಿಗೆ ತುದಿಗೆ ಬಂತು. ಕೊಟ್ಟ ಮಾತು ಮಾತೇ. ನುಂಗಿಕೊಂಡಳು.

ಮೈಸೂರು ಮೈನ್ಸ್‌ನ ಹಿಂದೆ ಪಾಳುಬಿದ್ದ ಶಾಲೆ. ಸ್ಕೂಟರ್ ನಿಲ್ಲುವ ಮೊದಲೇ ಅಮ್ಮಾಜಮ್ಮ ಇಳಿದಳು. "ನೀನು ಒಳಗೆ ಬರಬ್ಯಾಡ. ನೂರೆಂಟಕ್ಕೆ ಫೋನ್ ಮಾಡು" ಅಂತ ಕೂಗಿ ಒಳಗೆ ನುಗ್ಗಿದಳು.

ಮೀನಾ ಗೋಡೆಗೊರಗಿ ಕುಸಿದಿದ್ದಳು, ತುಟಿ ನೀಲಿ. ಅಮ್ಮಾಜಮ್ಮ ಅವಳನ್ನು ಮಲಗಿಸಿ, ತೊಡೆಗೆ ಇಂಜೆಕ್ಷನ್ ಚುಚ್ಚಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಊದಿದಳು. ಊದಿದಳು, ಬೈದಳು, ಮತ್ತೆ ಊದಿದಳು. ಗಂಡನ ಕೊನೆಯ ರಾತ್ರಿ ಹೀಗೆ ಊದಿಕೊಡುವ ವಿದ್ಯೆ ಗೊತ್ತಿರಲಿಲ್ಲ ಅನ್ನುವ ಸಂಕಟ ಇಷ್ಟು ವರ್ಷವಾದರೂ ಆರಿರಲಿಲ್ಲ. "ಉಸ್ರಾಡೇ ನನ್ನ ತಾಯಿ" ಅಂತ ಅತ್ತೇಬಿಟ್ಟಳು.

ಹೊರಗಿನಿಂದ ಕುಪ್ಪುಸ್ವಾಮಿ ಕೇಳಿದ: "ಯಾರಮ್ಮಾ ಅದು?"

"ಅದಿನೇಳು" ಅಂದಳು.

ಆದರೆ ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ ಬಿಟ್ಟಿತ್ತು. ಪಾಳು ಶಾಲೆಯಾದರೂ ಒಳಗೆ ಹೋಗುವಾಗ ಚಪ್ಪಲಿ ಬಿಟ್ಟು ಹೋಗುವಷ್ಟು ಸಂಸ್ಕಾರದಲ್ಲಿ ಬೆಳೆದ ಹುಡುಗಿ. ದೀಪಾವಳಿಗೆ ಆ ಚಪ್ಪಲಿ ಕೊಡಿಸಿದವನು ಅದನ್ನು ನೋಡಿ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ಒಳಗೆ ಯಾರೋ ಕೆಮ್ಮಿದರು. ಆ ಕೆಮ್ಮು ಕೇಳಿ ಅವನು ಮುಖ ಮುಚ್ಚಿಕೊಂಡ.

ಮೀನಾ ಬದುಕಿದಳು. ಆಸ್ಪತ್ರೆಯಲ್ಲಿ ಅವಳೇ ಹೇಳಿದ್ದು: ಮೂರು ಗಂಟೆಗೆ ಬಿಲ್ಲೆ ಹಾಕಲು ಬಂದಿದ್ದಳಂತೆ. ಕೋಣೆಯ ಒಳಗಿನಿಂದ ಅಪ್ಪನ ಭಾಷಣ ಕೇಳಿ ಹೆದರಿ ತಿರುಗಿ ಹೋದಳಂತೆ. ಆ ಹೆದರಿಕೆಗೆ ಎಂದಿಗಿಂತ ಹೆಚ್ಚು ಚುಚ್ಚಿಕೊಂಡಳಂತೆ.

ಬುಧವಾರ ಹಲಗೆ ಗೋಡೆಗೆ ವಾಪಸ್ಸು ಬಂತು. ಕುಪ್ಪುಸ್ವಾಮಿಯೇ ಮುಂಜಾನೆ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಗೋಡೆಗೆ ಬಡಿದು ಕೂರಿಸಿ ಹೋದ. ಹಲಗೆ ಎಲ್ಲಿ ಅಂತ ಸಮಿತಿಯಲ್ಲಿ ಕೇಳಿದ್ದಕ್ಕೆ, ಯಾರೋ ಕದ್ದೊಯ್ದರು ಅಂದನಂತೆ. ಸಮಿತಿ ಕಳ್ಳತನವನ್ನು ಖಂಡಿಸಿ ಠರಾವು ಮಾಡಿತು. ಸಭೆಯಲ್ಲಿ ಈಗಲೂ 'ಇಂಥವರು' ಅಂತ ಮಾತಾಡುತ್ತಾನೆ, ಪೇಟೆಯಲ್ಲಿ ಅಮ್ಮಾಜಮ್ಮ ಎದುರಾದರೆ ಈಗಲೂ ಆ ಬದಿಗೆ ಸರಿಯುತ್ತಾನೆ. ಆದರೆ ದಿನಾ ನಾಲ್ಕು ಗಂಟೆಗೆ ಹಿಂಬಾಗಿಲಿನಿಂದ ಕೋಣೆಯೊಳಗೆ ಬರುತ್ತಾನೆ. ಬೆರಳಿಟ್ಟು ಒಂದರಿಂದ ಮೂವತ್ತೆರಡರವರೆಗೆ ಮೊಳೆ ಎಣಿಸುತ್ತಾನೆ. ಹದಿನೇಳರ ಹತ್ತಿರ ಸ್ವಲ್ಪ ನಿಲ್ಲುತ್ತಾನೆ.

"ಒಳಗೆ ಬಿಟ್ಕೊಂತೀಯಲ್ಲಕ್ಕಾ, ನಾಚಿಕೆಗೆಟ್ಟೋನ್ನ" ಅಂತ ಸುಕನ್ಯ ಕೇಳಿದಳು.

"ಎಣಿಸ್ಲಿ ಬಿಡೇ" ಅಂದಳು ಅಮ್ಮಾಜಮ್ಮ. "ಅವನಿಗೆ ನೆಟ್ಟಗೆ ಬರೋ ಕೆಲ್ಸ ಅದೊಂದೇ."