ಸೀಸದ ಪಂಜಿನವಳು

ನನ್ನ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಅರ್ಧ ಮುರಿದಿದೆ. ಬೈಕಿನಿಂದ ಬಿದ್ದಿರಾ ಎಂದು ಕೇಳುವವರಿಗೆ ಹೌದು ಅಂದುಬಿಡುತ್ತೇನೆ. ನಿಜ ಹೇಳಲು ಕೂತರೆ ಟೀ ಆರಿಹೋಗುತ್ತದೆ. ಅದನ್ನು ಮುರಿದವನು ನನ್ನ ಭಾವ, ನನ್ನಕ್ಕನ ಗಂಡ. ಮುರಿದದ್ದು ಮೊಣಕೈಯಿಂದ. ಜಗಳ ಆಗಿದ್ದು ಹೆಬ್ಬೆರಳಿಗಿಂತ ಸ್ವಲ್ಪ ಎತ್ತರದ ಒಬ್ಬ ಸೀಸದ ಹೆಂಗಸಿನ ಸಲುವಾಗಿ.

ತೊಂಬತ್ತರ ದಶಕದ ನಡುವಿನ ಮಾತು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಮುಖ ಮಾಡಿಕೊಂಡು ಭಾವನ ಬ್ಯಾಟರಿ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ. ನಾನು ಚಾಮರಾಜನಗರದಲ್ಲಿ ಒಬ್ಬ ಪೇಂಟರ್ ಹತ್ತಿರ ಬೋರ್ಡು ಬರೆಯುವುದನ್ನು ಕಲಿತು, ಲಾರಿಗಳು ಹೆಚ್ಚು ನಿಲ್ಲುವುದು ಇಲ್ಲಿ ಅಂತ ಅಕ್ಕನ ಮನೆಗೆ ಬಂದು ಸೇರಿಕೊಂಡಿದ್ದೆ. ಭಾವ ಲಾರಿಯ ಬ್ಯಾಟರಿ ಬಿಚ್ಚುತ್ತಿದ್ದರೆ ನಾನು ಅದೇ ಲಾರಿಯ ಬೆನ್ನಿಗೆ ನಂಬರು ಬರೆಯುತ್ತಿದ್ದೆ. ದೃಷ್ಟಿಯಾಗದಿರಲಿ ಎಂದು ಕೋರೆಹಲ್ಲಿನ, ಕೆಂಗಣ್ಣಿನ ರಾಕ್ಷಸನ ಮುಖ ಬರೆಯುವುದರಲ್ಲಿ ಆ ರಸ್ತೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದನ್ನು ಜಂಬವೆಂದುಕೊಂಡರೂ ಸರಿಯೇ.

ಭಾವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೈಗೆ ಸಿಕ್ಕ ಸ್ಪ್ಯಾನರ್ ಮೊದಲು ಹಾರುತ್ತಿತ್ತು, ಬೈಗುಳ ಆಮೇಲೆ ಬರುತ್ತಿತ್ತು. ಒಮ್ಮೆ ಒದ್ದೆ ಕೈಯಲ್ಲಿ ಸೀಸ ಕಾಯಿಸುವ ಸ್ಟೌವ್ ಹತ್ತಿರ ಹೋದೆನೆಂದು ನನ್ನ ಕೆನ್ನೆಗೆ ಬಾರಿಸಿದ್ದ. 'ಕಾದ ಸೀಸಕ್ಕೆ ಒಂದ್ ತೊಟ್ಟು ನೀರ್ ಬಿದ್ರೆ ಬಾಂಬ್ ಕಣ್ಲಾ. ಮೂತಿ ಉಳಿಯಕಿಲ್ಲ' ಎಂದಿದ್ದ. ಆ ಏಟನ್ನು ನಾನು ಒಪ್ಪಿಕೊಂಡೆ, ಅದು ಕಸುಬಿನ ಏಟು. ಅಕ್ಕನಿಗೆ ಕೈ ಮಾಡಿದ ದಿನ ಮಾತ್ರ ಸುತ್ತಿಗೆ ಎತ್ತಿ ಎಸೆದೆ. ಅದು ಅವನ ಕಿವಿ ಪಕ್ಕದಲ್ಲೇ ಹೋಗಿ ಗೋಡೆಗೆ ತೂತು ಮಾಡಿತು. ಆಮೇಲೆ ನನ್ನ ಎದುರಿಗೆ ಅವನು ಅಕ್ಕನ ಮೇಲೆ ಕೈ ಎತ್ತಲಿಲ್ಲ. ನಾನಿಲ್ಲದಾಗಿನ ಸಂಗತಿ ಅಕ್ಕ ಯಾವತ್ತೂ ಹೇಳಲಿಲ್ಲ.

ಊಟಿಯಿಂದ ಕ್ಯಾರೆಟ್ಟು ಕೋಸು ತರುವ ಲಾರಿಯ ಡ್ರೈವರ್ ಒಬ್ಬ ಒಂದು ದಿನ ಸಣ್ಣ ಗೋಣಿಚೀಲ ತಂದು ಅಂಗಡಿಯಲ್ಲಿ ಬಡಿದ. ಅಲ್ಲಿ ಯಾವುದೋ ಹಳೇ ಬಂಗಲೆ ಖಾಲಿ ಮಾಡುವಾಗ ಸಿಕ್ಕಿದ್ದಂತೆ. ಎತ್ತಿದರೆ ಭಾರ, ಸೀಸವೇ ಇರಬೇಕೆಂದು ಭಾವನಿಗೆ ತಂದಿದ್ದ. ಸುರುವಿದರೆ ನೆಲದ ತುಂಬ ಒಂದು ದಂಡು. ಕೊಡಲಿ ಎತ್ತಿದ ಕೊಂಬಿನವರು, ಕತ್ತಿ ಹಿಡಿದ ಎಲುಬಿನ ಗೂಡುಗಳು, ರೆಕ್ಕೆ ಇರುವ ಹಲ್ಲಿ, ಮೊಲದ ಹಾಗೆ ಕಿವಿ ಚೂಪಾದ ಬಿಲ್ಲುಗಾರರು. ಹಳೇ ಬಣ್ಣ ಸಿಪ್ಪೆ ಎದ್ದಿತ್ತು. ಒಂದೊಂದರ ಬೆರಳಿನ ಉಗುರು, ಬೆಲ್ಟಿನ ಬಕಲ್ಲು ಕೂಡ ಕಾಣುತ್ತಿತ್ತು. ನಾನು ಲಾರಿಯಷ್ಟು ದೊಡ್ಡದಾಗಿ ಬರೆಯುವ ರಾಕ್ಷಸನನ್ನು ಯಾರೋ ಪುಣ್ಯಾತ್ಮ ಅಂಗೈಯಲ್ಲಿ ಹಿಡಿಸುವಂತೆ ಮಾಡಿದ್ದ.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಭಾವ ಕೊಂಬಿನವನೊಬ್ಬನನ್ನು ಎತ್ತಿ, ಸೀಸ ಕರಗಿಸುವ ಕಾದ ಸೌಟಿಗೆ ಹಾಕಿದ. ಮೊದಲು ಕಾಲು ಹೋಯಿತು. ಆಮೇಲೆ ಮುಖ ಕುಸಿಯಿತು, ಕೊಂಬು ಕೊನೆಗೆ ಮುಳುಗಿತು. ನಾನು ಅವನ ಮಣಿಕಟ್ಟು ಹಿಡಿದೆ. ಅವನು ನನ್ನ ಕತ್ತಿನ ಪಟ್ಟಿ ಹಿಡಿದ. ಅಕ್ಕ ಮಧ್ಯೆ ಬಂದು ಇಬ್ಬರನ್ನೂ ತಳ್ಳಿದಳು.

'ಬ್ಯಾಟ್ರಿ ಟರ್ಮಿನಲ್ ಎರಕಕ್ಕೆ ಸೀಸ ಬೇಕು ಕಣ್ಲಾ ಬಾಮೈದ. ಗೊಂಬೆ ಆಡೋ ವಯಸ್ಸಾ ನಿಂದು?' ಎಂದ ಭಾವ. ಆಮೇಲೆ ಅವನಿಗೇ ಏನೋ ಹೊಳೆದು ನಕ್ಕ. 'ಆಡನ ಬುಡು. ಗೆದ್ರೆ ತಕ್ಕೊ.'

ಭಾವನಿಗೆ ಚೌಕಾಬಾರದ ಹುಚ್ಚು. ಲಾರಿ ಡ್ರೈವರುಗಳನ್ನೆಲ್ಲ ಕೂರಿಸಿಕೊಂಡು ಕವಡೆ ಆಡಿ ಸೋಲಿಸಿದವನು. ತಗಡೊಂದರ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದ. ಅವನ ಕಾಯಿ ಲಾರಿಯ ನಟ್ಟುಗಳು, ನನ್ನ ಕಾಯಿ ಈ ಗೊಂಬೆಗಳು. ಮಾಮೂಲಿ ಆಟದಲ್ಲಿ ಕಾಯಿ ಕಡಿದರೆ ಅದು ಹೊರಟಲ್ಲಿಗೇ ವಾಪಸು ಹೋಗಿ ಮತ್ತೆ ಹುಟ್ಟುತ್ತದೆ. ಭಾವ ಅದನ್ನು ತೆಗೆದುಹಾಕಿದ. 'ನಡುಮನೆಗೋಗಿ ಹಣ್ಣಾದದ್ದು ನಿಂದು. ಕಡ್ದದ್ದು ಸೌಟಿಗೆ. ಸತ್ ಮ್ಯಾಲೆ ಹುಟ್ಟೋದೆಲ್ಲ ಇಲ್ಲಿಲ್ಲ.'

ಹಾಗೆ ಶುರುವಾಯಿತು. ಸಂಜೆ ಕೆಲಸ ಇಳಿದ ಮೇಲೆ ಆಟ. ಕವಡೆ ಉರುಳಿಸಿ ಭಾವ ಕಡಿದರೆ ಅಲ್ಲೇ, ನನ್ನ ಕಣ್ಣೆದುರಿಗೇ, ಗೊಂಬೆ ಸೌಟಿಗೆ ಹೋಗುತ್ತಿತ್ತು. ಸೀಸ ಬಾಯಿ ಮುಚ್ಚಿಕೊಳ್ಳುವವರೆಗೂ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಮರುದಿನ ಅದೇ ಸೀಸ ಯಾವುದೋ ಲಾರಿಯ ಬ್ಯಾಟರಿಗೆ ತಲೆಯಾಗಿ ಘಟ್ಟ ಹತ್ತುತ್ತಿತ್ತು.

ಆಟಕ್ಕೆ ಇಳಿಸುವ ಮೊದಲು ಒಂದೊಂದಕ್ಕೂ ನಾನು ಬಣ್ಣ ಹಚ್ಚುತ್ತಿದ್ದೆ. ಅಳಿಲಿನ ಬಾಲದ ಕೂದಲು ನಾಲ್ಕೇ ಎಳೆ ತೆಗೆದು ಕಡ್ಡಿಪೊರಕೆಯ ಕಡ್ಡಿಗೆ ದಾರದಲ್ಲಿ ಕಟ್ಟಿದರೆ ಅದೇ ಬ್ರಷ್ಷು. ಲಾರಿಯ ಬಣ್ಣವನ್ನೇ ಟರ್ಪೆಂಟೈನ್ ಹಾಕಿ ತೆಳು ಮಾಡುತ್ತಿದ್ದೆ. ಯಾರು ಏನೆಂದು ನಮಗೇನು ಗೊತ್ತು? ಗಡ್ಡ ಬಿಟ್ಟ ಕುಳ್ಳನೊಬ್ಬ ಕೊಡಲಿ ಹಿಡಿದು ನಿಂತಿದ್ದ. ಗಡ್ಡ ನೋಡಿ ಸ್ವಾಮಿಗಳಿರಬೇಕೆಂದು ಹಣೆಗೆ ಮೂರೆಳೆ ವಿಭೂತಿ ಬಳಿದೆ, ಕಾವಿ ಉಡಿಸಿದೆ. ಭಾವ ಕೂಡ ಅವನಿಗೆ ಗಿಡ್ಡಸ್ವಾಮಿ ಅಂತಲೇ ಅನ್ನುತ್ತಿದ್ದ. ಕಣ್ಣು ಮಾತ್ರ ಕೊನೆಗೆ. ನನಗೆ ಕಲಿಸಿದ ಪೇಂಟರ್ ಊರಿನ ಮಾರಮ್ಮನ ಮುಖ ಬರೆಯುವಾಗ ಹಾಗೇ ಮಾಡುತ್ತಿದ್ದ. ಮೈಯೆಲ್ಲ ಮುಗಿದ ಮೇಲೆ ಕಣ್ಣು, ಕಣ್ಣು ಬಿಟ್ಟ ಕೂಡಲೇ ಎದುರಿಗೆ ಕನ್ನಡಿ, ಆಮೇಲೆ ಬಾಯಿಗೆ ಏನಾದರೂ. ನಾನು ಗೊಂಬೆಗಳಿಗೂ ಹಾಗೇ ಮಾಡುವುದನ್ನು ಕಂಡು ಭಾವ, 'ಸಾಯಕ್ಕೋಗೋವ್ಕೆ ಕಣ್ಣು ಬ್ಯಾರೆ ಕೇಡು' ಎಂದು ಉಗಿಯುತ್ತಿದ್ದ.

ಒಮ್ಮೆ ಊಟಿಗೆ ಹೊರಟ ಬಿಳಿಯನೊಬ್ಬನ ಕಾರು ನಮ್ಮ ಅಂಗಡಿ ಮುಂದೆ ಕೆಟ್ಟು ನಿಂತಿತು. ಗೂಡಿನಲ್ಲಿಟ್ಟಿದ್ದ ಗೊಂಬೆಗಳನ್ನು ಕಂಡವನೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವನ ಮಲಯಾಳಿ ಡ್ರೈವರ್ ಹರುಕು ಕನ್ನಡದಲ್ಲಿ ತಿಳಿಸಿದ: ಇವನೂ ಚಿಕ್ಕಂದಿನಲ್ಲಿ ಇಂಥವೇ ಕೂಡಿಡುತ್ತಿದ್ದನಂತೆ, ಬಣ್ಣ ಹಚ್ಚಿ ಮೇಜಿನ ಮೇಲೆ ನಿಲ್ಲಿಸಿ ದಾಳ ಉರುಳಿಸಿ ಯುದ್ಧ ಆಡುತ್ತಾರಂತೆ, ಈ ಅಚ್ಚು ಈಗ ಎಲ್ಲೂ ಸಿಗುವುದಿಲ್ಲವಂತೆ. ಯುದ್ಧದಲ್ಲಿ ಸತ್ತವರನ್ನು ಏನು ಮಾಡುತ್ತಾರೆ ಎಂದು ಭಾವ ಕೇಳಿದ. ಪಕ್ಕಕ್ಕೆ ಎತ್ತಿಡುತ್ತಾರೆ, ಮರುದಿನ ಮತ್ತೆ ಆಡುತ್ತಾರೆ ಎಂದು ಉತ್ತರ ಬಂತು. ಭಾವ ಸೌಟು ತೋರಿಸಿ ನಮ್ಮ ಪದ್ಧತಿ ವಿವರಿಸಿದ. ಆ ಮನುಷ್ಯನ ಮುಖ ನೋಡಬೇಕಿತ್ತು. ಹೆಣದ ಮನೆಗೆ ಬಂದವನಂತೆ ಕೈಕಟ್ಟಿ ನಿಂತ. ಕಾರು ಹೋದ ಮೇಲೆ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ.

ಈಗ ಪಂಜಿನವಳ ವಿಷಯ. ಆ ದಂಡಿನಲ್ಲಿ ಆಯುಧ ಇಲ್ಲದವಳು ಅವಳೊಬ್ಬಳೇ. ಉದ್ದ ಲಂಗ, ತಲೆಗೆ ಮುಸುಕು, ಎತ್ತಿದ ಕೈಯಲ್ಲಿ ಉರಿಯುವ ಪಂಜು. ಉಳಿದವು ಗಟ್ಟಿ ಸೀಸ, ಇವಳು ಮಾತ್ರ ಒಳಗೆ ಟೊಳ್ಳು. ಮುಸುಕಿನ ನೆತ್ತಿಯಲ್ಲೊಂದು ಸಣ್ಣ ತೂತು. ಅಕ್ಕ ಅವಳನ್ನು ಕೈಗೆತ್ತಿಕೊಂಡವಳು ಕೊಡಲೇ ಇಲ್ಲ. 'ಇವ್ಳು ಮಾರಮ್ಮನ್ ಮುಂದೆ ಪಂಜಿಡ್ಕೊಂಡೋಗೋಳು ಕಣ್ಲಾ. ಇವ್ಳು ಆಟಕ್ಕಿಲ್ಲ' ಎಂದಳು. ಮದುವೆಯಾಗಿ ಬಂದ ಮೇಲೆ ಅಕ್ಕ ಆ ಮನೆಯಲ್ಲಿ ಇದು ನನಗೆ ಬೇಕು ಎಂದು ಕೇಳಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಭಾವ ಏನನ್ನಿಸಿತೋ, 'ಆಯ್ತು, ಮಡಿಕೊ' ಎಂದ. ನಾನು ಕೆಂಪು ಸೀರೆಯ ಬಣ್ಣ ಹಚ್ಚಿ ಕಣ್ಣು ಬರೆದೆ. ಅಕ್ಕ ತನ್ನ ಕುಂಕುಮದ ಡಬ್ಬಿಯ ಕನ್ನಡಿ ಹಿಡಿದು ಬೆಲ್ಲ ಮುಟ್ಟಿಸಿದಳು. ಪಂಜಿನವಳು ದೇವರ ಗೂಡು ಸೇರಿದಳು. ಶುಕ್ರವಾರ ಬಂತೆಂದರೆ ಅಕ್ಕ ಅವಳಿಗೆ ಅರಿಸಿನದ ನೀರೆರೆಯುತ್ತಿದ್ದಳು. ತೂತಿನಿಂದ ನೀರು ಒಳಗೆ ಹೋಗಿ ಕುಲುಕುತ್ತಿತ್ತು. ಅದು ಸೋರಿಹೋಗಲೆಂದು ತಲೆಕೆಳಗಾಗಿ ಒರಗಿಸಿಡುತ್ತಿದ್ದಳು.

ಅದೂ ಒಂದು ಶುಕ್ರವಾರವೇ. ಒಂದು ಲಾರಿ ಟರ್ಮಿನಲ್‌ಗಾಗಿ ಕಾಯುತ್ತಿತ್ತು, ಸೌಟಿನಲ್ಲಿ ಸೀಸ ಕಾಯುತ್ತಿತ್ತು. ಇನ್ನೊಂದು ಸ್ವಲ್ಪ ಸೀಸ ಬೇಕೆಂದು ಭಾವ ಹಗಲಲ್ಲೇ ತಗಡು ಹಾಸಿದ. ಅವತ್ತು ಕವಡೆ ನನ್ನ ಮಾತು ಕೇಳಿತು. ಚೌಕ ಬಿತ್ತು, ಬಾರ ಬಿತ್ತು, ಅವನ ನಟ್ಟುಗಳನ್ನು ಒಂದಾದ ಮೇಲೊಂದು ಕಡಿದೆ. ಗಿಡ್ಡಸ್ವಾಮಿ ಹಣ್ಣಾಗಿ ನಡುಮನೆಯಲ್ಲಿ ನಿಂತ. ನನ್ನ ನಾಲಗೆ ಸುಮ್ಮನಿರಬೇಕಲ್ಲ. 'ನಟ್ಟೆಲ್ಲ ಮುಗುದ್ವು ಬಾವ. ಇನ್ ನಿನ್ ಮೀಸೆ ಮಡಗಿ ಆಡು' ಎಂದೆ. ಕಾಯುತ್ತಿದ್ದ ಡ್ರೈವರ್ ಕಿಸಕ್ಕನೆ ನಕ್ಕ.

ಭಾವ ತಗಡನ್ನು ಒದ್ದ. ಗೊಂಬೆಗಳು ರಸ್ತೆಗೆ ಹಾರಿದವು. ಧಡಧಡ ಒಳಗೆ ಹೋದವನು ಮುಷ್ಟಿ ಬಿಗಿದುಕೊಂಡು ಬಂದ. ಬೆರಳ ಸಂದಿಯಿಂದ ಅರಿಸಿನದ ನೀರು ತೊಟ್ಟಿಕ್ಕುತ್ತಿತ್ತು, ಪಂಜು ಹೊರಗೆ ಚಾಚಿಕೊಂಡಿತ್ತು. ನಾನು ಅವನ ಮೇಲೆ ಬಿದ್ದೆ. ಆಗಲೇ ಮೊಣಕೈ ನನ್ನ ಬಾಯಿಗೆ ಬಡಿದದ್ದು. ಹಲ್ಲು ನಾಲಗೆಯ ಮೇಲೆ ಬಿತ್ತು, ಬಾಯಿ ತುಂಬ ರಕ್ತ. ಬಾಗಿಲಲ್ಲಿ ಅಕ್ಕ ಕೂಗಿದಳು: 'ಬ್ಯಾಡಿ, ಈಗ್ ತೊಳ್ದಿವ್ನಿ, ನೀರದೆ ಒಳಗೆ.'

ಅವನು ಕೇಳಿಸಿಕೊಂಡ. ಅವಳ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿದ್ದೇನೆ. ಒದ್ದೆ ಕೈಯಲ್ಲಿ ಸ್ಟೌವ್ ಹತ್ತಿರ ಹೋದದ್ದಕ್ಕೇ ನನ್ನ ಕೆನ್ನೆ ಊದಿಸಿದ ಮನುಷ್ಯ, ಹೆಂಡತಿಯ ಮುಖ ನೋಡುತ್ತಲೇ ಪಂಜಿನವಳನ್ನು ಸೌಟಿಗೆ ಎಸೆದ.

ಟೈರು ಸಿಡಿದಂಥ ಸದ್ದು. ಸೀಸ ಸೂರಿಗೆ, ಗೋಡೆಗೆ, ಅವನ ಮುಖಕ್ಕೆ ಹಾರಿತು. ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಡಿದ ಹಂದಿಯಂತೆ ಅರಚುತ್ತ ಬಿದ್ದ. ಒಂದು ಗಳಿಗೆ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮರುಗಳಿಗೆ ಅಕ್ಕನನ್ನು ನೋಡಿದೆ. ಕೊಡದ ನೀರು ತಂದು ಅವನ ಮುಖಕ್ಕೆ ಸುರಿಯುತ್ತಲೇ ಇದ್ದಳು. ಅದೇ ಲಾರಿಯಲ್ಲಿ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋದೆವು. ಎಡಗಣ್ಣು ಉಳಿಯಲಿಲ್ಲ.

ಕಣ್ಣು ಬರೆಸಿಕೊಂಡ ದೇವತೆಗೆ ಬಲಿ ಕೊಡದೆ ಇಟ್ಟಿದ್ದರು, ಅವಳೇ ತೆಗೆದುಕೊಂಡಳು ಎಂದು ಬೀದಿಯವರು ಮಾತಾಡಿದರು. ಬೇಗೂರಿನಿಂದ ನೋಡಲು ಬಂದ ನೆಂಟರೂ ಅದನ್ನೇ ಹೇಳಿದರು. ಹಾಳಾಗಿಹೋಗಲಿ, ಯಾವ ದೇವತೆ? ಒಂದು ಗುಟುಕು ನೀರು ಅದು. ಹಾಗೆಂದು ನಾನು ಎದುರಾಡಿದರೆ ಅಕ್ಕ ನನ್ನ ಕಡೆಯೂ ಸೇರಲಿಲ್ಲ, ಅವರ ಕಡೆಯೂ ಸೇರಲಿಲ್ಲ.

ಪಟ್ಟಿ ಬಿಚ್ಚಿ ಮನೆಗೆ ಬಂದ ಭಾವನಿಗೆ ಸೀಸ ಸುರಿಯುವ ಅಳತೆ ತಪ್ಪಿತ್ತು. ಅಚ್ಚಿಗೆ ಎರೆದರೆ ಪಕ್ಕಕ್ಕೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಸೆರಗು ಬಿಗಿದು ಸೌಟಿನ ಮುಂದೆ ತಾನೇ ಕೂತಳು. 'ನಿನ್ ಗೊಂಬೆ ತತ್ತಾ. ಬಣ್ಣ ಕೆರ್ದು ಕೊಡು, ಹೊಗೆ ಬತ್ತದೆ' ಎಂದಳು.

'ನಾನ್ ಗೆದ್ದವು ಕಣಕ್ಕ ಅವು' ಎಂದೆ.

ಹುಟ್ಟಿದಾಗಿನಿಂದ ನನ್ನ ಮೇಲೆ ಕೈ ಎತ್ತದ ಅಕ್ಕ ಕೆನ್ನೆಗೆ ಹೊಡೆದಳು. ಮುರಿದ ಹಲ್ಲು ತುಟಿಗೆ ಚುಚ್ಚಿ ಮತ್ತೆ ರಕ್ತ ಬಂತು. 'ನಿಮ್ಮಿಬ್ರಿಗೂ ಆಟ. ನಾನ್ ಕೇಳ್ದೋಳು ಒಬ್ಳು. ಅವ್ಳೇ ಇಲ್ಲ, ಇವ್ಯಾಕೆ?'

ರಸ್ತೆಯಿಂದ ಆಯ್ದಿಟ್ಟಿದ್ದವನ್ನೂ ಗೂಡಿನಲ್ಲಿದ್ದವನ್ನೂ ತಂದು, ಜಗಲಿಯ ಮೇಲೆ ಕೂತು ಬ್ಲೇಡಿನಲ್ಲಿ ಕೆರೆದೆ. ಕೊನೆಗೆ ಬರೆದಿದ್ದ ಕಣ್ಣು ಮೊದಲು ಹೋಯಿತು. ಕೆರೆದವನ್ನು ಬಿಸಿಲಿನ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ ಒಂದೊಂದೇ ಅವಳ ಕೈಗೆ ಕೊಟ್ಟೆ. ಭಾವ ಗೋಡೆಗೆ ಒರಗಿ ಕೂತಿದ್ದ. ಪ್ರತಿಯೊಂದಕ್ಕೂ ಅಕ್ಕ ಕೇಳುತ್ತಿದ್ದಳು, 'ನೀರದಾ?'

'ಇಲ್ಲ ಕಣಕ್ಕ.'

ಬಿಲ್ಲುಗಾರರು ಹೋದರು. ಎಲುಬಿನ ಗೂಡುಗಳು ಹೋದವು. ರೆಕ್ಕೆಯ ಹಲ್ಲಿ ಹೋಯಿತು. ಕೊನೆಗೆ ಗಿಡ್ಡಸ್ವಾಮಿ ಉಳಿದ. ಅವನ ವಿಭೂತಿಯನ್ನು ಕೆರೆಯಲು ನನಗೆ ಕೈ ಬಂದಿರಲಿಲ್ಲ.

'ಅದೊಂದ ಬುಟ್ಬುಡಮ್ಮಿ' ಎಂದ ಭಾವ. ಅವನು ಯಾರನ್ನಾದರೂ ಏನನ್ನಾದರೂ ಬೇಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕ ಅವನ ಕಡೆ ತಿರುಗಲೂ ಇಲ್ಲ.

'ನೀರದಾ?' ಎಂದು ನನ್ನನ್ನು ಕೇಳಿದಳು.

'ಅದೆ ಕಣಕ್ಕ' ಎಂದೆ.

ಅಕ್ಕ ಗಿಡ್ಡಸ್ವಾಮಿಯನ್ನು ಅಂಗೈಯ ಮೇಲೆ ತಲೆಕೆಳಗು ಮಾಡಿ ತಟ್ಟಿದಳು. ಗಟ್ಟಿ ಸೀಸ, ಬಿಸಿಲಿಗೆ ಕಾದಿದ್ದ ಸೀಸ, ಒಂದು ಹನಿಯೂ ಬೀಳಲಿಲ್ಲ. ನನ್ನನ್ನು ನೋಡಿದಳು. ಆಮೇಲೆ ಅವನನ್ನು ಸೌಟಿಗೆ ಬಿಟ್ಟಳು. ವಿಭೂತಿ ಸ್ವಲ್ಪ ಹೊಗೆಯಾಡಿತು, ಸದ್ದಿಲ್ಲದೆ ಕರಗಿದ. ನನ್ನ ಮಾತನ್ನು ನಂಬಿದ್ದವನು ಭಾವ ಒಬ್ಬನೇ. ಅವನು ಗೋಡೆಯ ಕಡೆ ಮುಖ ಮಾಡಿ, ಉಳಿದಿದ್ದ ಕಣ್ಣನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಕೂತಿದ್ದ.