ಕಪ್ಪು ರೇಷ್ಮೆಯ ಉಡುದಾರ

ಕೊರೋನಾ ಮುಗಿದು ಜನ ಮಾಸ್ಕು ಕಿತ್ತೆಸೆದ ವರ್ಷ. ನಾನು ಆಗ ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜನರಲ್ ಸರ್ಜನ್. ನನ್ನ ಯಜಮಾನರು ಅಲ್ಲೇ ಅನಸ್ತೇಷಿಯಾ ವೈದ್ಯರು, ಅಂದರೆ ರೋಗಿಗೆ ಅರಿವಳಿಕೆ ಕೊಟ್ಟು, ಎಚ್ಚರವಾಗುವವರೆಗೂ ಅವನ ಉಸಿರು ಕಾಯುವವರು. ಆಪರೇಷನ್ ಟೇಬಲ್ಲಿನ ತಲೆಯ ಕಡೆ ಅವರು, ಹೊಟ್ಟೆಯ ಕಡೆ ನಾನು, ಮಧ್ಯೆ ಒಂದು ಹಸಿರು ಬಟ್ಟೆಯ ಪರದೆ. ನಮ್ಮ ಸಂಸಾರದ ಅರ್ಧ ಮಾತುಕತೆ ಆ ಪರದೆಯ ಮೇಲಿಂದಲೇ ನಡೆದದ್ದು. "ಹುರುಳಿಕಾಳು ನೆನೆಹಾಕಿದ್ಯೇನೇ?" ಅಂತ ಅವರು ಕೇಳುವುದು, "ಮೊದಲು ಬಿಪಿ ನೋಡ್ರೀ" ಅಂತ ನಾನು ಗದರುವುದು. ಈಗ ಅವರಿಲ್ಲ. ಸುಳ್ಳು ಯಾಕೆ ಹೇಳಲಿ, ಇದನ್ನು ಬರೆಯಲು ಕೂತದ್ದೇ ಅವರ ದನಿಯನ್ನು ಇನ್ನೊಂದು ಸಲ ಕೇಳುವ ಆಸೆಗೆ.

ಅವತ್ತು ಬಂದ ರೋಗಿ ಅರಕಲಗೂಡಿನ ಕಡೆಯ ಶುಂಠಿ ಬೆಳೆಗಾರ ಶಿವಣ್ಣ. ಜೊತೆಗೆ ಹೆಂಡತಿ ಗೌರಮ್ಮ. ಶಿವಣ್ಣನ ಹೊಕ್ಕುಳು ಮೊದಲಿನಿಂದಲೂ ಸ್ವಲ್ಪ ಉಬ್ಬಿಕೊಂಡಿತ್ತಂತೆ. ಶುಂಠಿ ಮೂಟೆ ಎತ್ತುವಾಗ ನಿಂಬೆಹಣ್ಣಿನಷ್ಟು ಹೊರಗೆ ಬಂದು ಅಲ್ಲೇ ನಿಂತುಬಿಟ್ಟಿತು. ಹಳ್ಳಿಗಳಲ್ಲಿ ಎಳೆಮಕ್ಕಳ ಹೊಕ್ಕುಳು ಉಬ್ಬಿದರೆ ಅದರ ಮೇಲೆ ಹಳೇ ನಾಣ್ಯ ಇಟ್ಟು ಬಟ್ಟೆ ಬಿಗಿಯುವ ರೂಢಿಯಿದೆ. ಈ ಮಹರಾಯನಿಗೂ ಅದನ್ನೇ ಮಾಡಿದ್ದರು! ಹಿಂದಿನ ದಿನದಿಂದ ಹಾಗೇ ಬಿಗಿದುಕೊಂಡು, ಕುಡಿದ ನೀರೂ ವಾಂತಿಯಾಗುವ ಹೊತ್ತಿಗೆ ಕಾರು ಮಾಡಿಕೊಂಡು ಬಂದಿದ್ದರು. ಬಟ್ಟೆ ಬಿಚ್ಚಿಸಿ ನೋಡಿದರೆ ಚರ್ಮದ ಮೇಲೆ ನಾಣ್ಯದ ಅಚ್ಚು ಕೆಂಪಗೆ ಮೂಡಿತ್ತು.

"ಹೊಟ್ಟೆ ಏನು ದೇವಸ್ಥಾನದ ಹುಂಡೀನಾ, ಕಾಸು ಹಾಕೋಕೆ?" ಅಂತ ರೇಗಿದೆ. ನನ್ನ ಬಾಯಿಯೇ ಹಾಗೆ.

ಹೊಟ್ಟೆಯ ಮುಂಗೋಡೆಯ ನಟ್ಟನಡುವೆ, ಎದೆಮೂಳೆಯ ತುದಿಯಿಂದ ಕೆಳಕ್ಕೆ, ಎರಡು ಬದಿಯ ಸ್ನಾಯುಗಳು ಬಂದು ಕೂಡುವ ಬಿಳಿಯ ಗೆರೆಯೊಂದಿದೆ. ಲೀನಿಯಾ ಆಲ್ಬಾ ಅನ್ನುತ್ತೇವೆ. ಗರ್ಭದಲ್ಲಿರುವಾಗ ಹೊಕ್ಕುಳಬಳ್ಳಿ ಮಗುವಿನೊಳಗೆ ಹೋಗುವುದು ಈ ಗೆರೆಯ ಮೂಲಕವೇ. ಹುಟ್ಟಿದ ಮೇಲೆ ಆ ದಾರಿ ಮುಚ್ಚಿಕೊಂಡರೂ ಆ ಜಾಗ ಕೆಲವರಲ್ಲಿ ಸಡಿಲವಾಗಿಯೇ ಉಳಿಯುತ್ತದೆ. ಅಲ್ಲಿಂದ ಕರುಳು ಹೊರಗೆ ನುಸುಳಿದರೆ ಅಂಬಿಲಿಕಲ್ ಹರ್ನಿಯಾ. ನುಸುಳಿದ ಕರುಳು ಹಿಂದಕ್ಕೆ ಹೋಗಲಾರದೆ ಸಿಕ್ಕಿಕೊಂಡು ಅದಕ್ಕೆ ರಕ್ತ ಹರಿಯುವುದು ನಿಂತರೆ ಸ್ಟ್ರಾಂಗ್ಯುಲೇಷನ್, ಕರುಳಿಗೆ ಉರುಲು ಬಿದ್ದ ಹಾಗೆ. ಹೊತ್ತು ಕಳೆದಂತೆ ಕರುಳು ಕಪ್ಪಾಗಿ ಕೊಳೆಯುತ್ತದೆ. ಆಮೇಲೆ ಮನುಷ್ಯ ಉಳಿಯುವುದು ಕಷ್ಟ. ಶಿವಣ್ಣನ ಕರುಳಿಗೆ ಬಿದ್ದದ್ದು ಅದೇ ಉರುಲು.

ಗಡಿಬಿಡಿಯಲ್ಲಿ ಆಪರೇಷನ್‌ಗೆ ಸಿದ್ಧ ಮಾಡುತ್ತಿದ್ದೆವು. ಶಿವಣ್ಣನ ಸೊಂಟದಲ್ಲಿ ಬೆಳ್ಳಿ ತಾಯತದ ಕರಿ ಉಡುದಾರವಿತ್ತು. ರಕ್ತ ನಿಲ್ಲಿಸಲು ಬಳಸುವ ಕರೆಂಟಿನ ಉಪಕರಣಕ್ಕೆ ಮೈಮೇಲೆ ಲೋಹ ಇರಬಾರದು, ಸುಟ್ಟೀತು. ನರ್ಸು ಕತ್ತರಿ ತಂದಳು. ಗೌರಮ್ಮ ಅವಳ ಮಣಿಕಟ್ಟು ಹಿಡಿದುಬಿಟ್ಟಳು.

"ಮುಟ್ಬ್ಯಾಡ ಕಣವ್ವ! ಉಡ್ದಾರ ಕುಯ್ಯೋದು ಎಣಕ್ಕೆ. ನಮ್ಮಪ್ಪಂದೂ ಇಂಗೇ ಆಸ್ಪತ್ರೇಲಿ ಕುಯ್ದ್ರು. ಎದ್ದು ಬರ್ನಿಲ್ಲ."

ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ ಶಿವಣ್ಣನೂ, "ಅವ್ಳು ಬ್ಯಾಡ ಅಂದ್ಮ್ಯಾಲೆ ಬ್ಯಾಡ, ಡಾಕ್ಟ್ರಮ್ಮ" ಅಂದ. ಬಿಚ್ಚೋಣವೆಂದರೆ ಬೆವರು, ಎಣ್ಣೆ ಕುಡಿದು ಗಂಟು ಕಲ್ಲಾಗಿತ್ತು. ಉಬ್ಬಿದ ಹೊಟ್ಟೆಯ ಮೇಲೆ ಜಾರಿಸುವ ಹಾಗೂ ಇರಲಿಲ್ಲ.

"ಒಳಗೆ ಕರುಳು ಸಾಯ್ತಿದೆ, ನಿಮಗೆ ದಾರದ ಚಿಂತೆ!" ಅಂತ ನಾನು ಕೂಗಾಡಿದೆ. ನಮ್ಮವರು ನನ್ನ ಮೊಣಕೈ ಮುಟ್ಟಿ ಸುಮ್ಮನಾಗಿಸಿದರು. ಗೌರಮ್ಮನ ಹತ್ತಿರ ಹೋಗಿ, ಮನೆಯ ಜಗಲಿಯ ಮೇಲೆ ಕೂತವರ ಹಾಗೆ ನಿಧಾನವಾಗಿ ಕೇಳಿದರು.

"ಉಡುದಾರ ಹಳೇದಾದ್ರೆ ಏನ್ಮಾಡ್ತೀರಮ್ಮ?"

"ಮದ್ಲು ವಸಾದು ಕಟ್ಟಿ, ಆಮ್ಯಾಕೆ ಅಳೇದು ತಗೀತೀವಿ ಸಾ. ಬರೀ ಸ್ವಂಟ ಬಿಡಕಿಲ್ಲ."

"ಅಷ್ಟೇ ತಾನೇ?" ಅಂದವರೇ ನನ್ನ ಕಡೆ ತಿರುಗಿ, "ನಿನ್ನ ಕಪ್ಪು ರೇಷ್ಮೆ ತೆಗಿಯೇ" ಅಂದರು.

ನಾವು ಹೊಲಿಗೆಗೆ ಬಳಸುವ ದಾರಗಳಲ್ಲಿ ಕಪ್ಪು ರೇಷ್ಮೆಯದೂ ಒಂದು. ಎರಡು ಎಳೆ ಸೇರಿಸಿ ಉದ್ದ ಮಾಡಿದೆ. ಹೊಕ್ಕುಳಿನಿಂದ ಬಹಳ ಕೆಳಗೆ, ನನ್ನ ಚಾಕುವಿಗೆ ಅಡ್ಡ ಬಾರದ ಹಾಗೆ ಸುತ್ತಿ ಕಟ್ಟಲು ಗೌರಮ್ಮನಿಗೇ ಹೇಳಿದೆವು. ನುಣುಪು ರೇಷ್ಮೆ ಅವಳ ಬೆರಳಲ್ಲಿ ನಿಲ್ಲದೆ ಜಾರುತ್ತಿತ್ತು. "ನೀವೇ ಕಟ್ರವ್ವ, ನೀವೂ ಮುತ್ತೈದೆ ಅಲ್ವಾ" ಅಂದಳು. ಸರ್ಜನ್ಸ್ ನಾಟ್ ಹಾಕಿದೆ. ಮೊದಲ ಸುತ್ತಿಗೆ ದಾರವನ್ನು ಎರಡು ಬಾರಿ ತಿರುವಿ ಬಿಗಿಯುವ ಗಂಟು ಅದು, ಜಾರುವುದಿಲ್ಲ. ಆಮೇಲೆ ಗೌರಮ್ಮ ತಲೆಯಾಡಿಸಿದಳು. ಹಳೆಯದನ್ನು ಕತ್ತರಿಸಿ ಕೊಟ್ಟರೆ ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು.

ಹೊಟ್ಟೆ ತೆರೆದಾಗ ಕರುಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉರುಲು ಬಿಡಿಸಿ, ಬಿಸಿ ಸಲೈನ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾದೆ. ಮೊದಲಿನ ಬಣ್ಣ ವಾಪಸ್ಸು ಬರದಿದ್ದರೆ ಅಷ್ಟುದ್ದ ಕರುಳು ಕತ್ತರಿಸಬೇಕು. ಪರದೆಯ ಆಚೆಯಿಂದ, "ಆಕ್ಸಿಜನ್ ಜಾಸ್ತಿ ಮಾಡಿದೀನಿ, ಆತುರ ಬೀಳಬೇಡ" ಅಂದರು. ಬಟ್ಟೆ ತೆಗೆದು ನೋಡಿದೆ, ಮತ್ತೆ ಸುತ್ತಿದೆ. ಕೊನೆಗೆ ಅಂಚಿನಿಂದ ಗುಲಾಬಿ ಬಣ್ಣ ಹರಿಯತೊಡಗಿ, ಕರುಳು ಮೆಲ್ಲಗೆ ಹೊರಳಿತು.

"ಬಂತಾ?"

"ಬಂತು ರೀ."

"ಹಾಗಾದ್ರೆ ಇವತ್ತು ಹುರುಳಿಕಾಳು ಸಾರು."

ಶಿವಣ್ಣ ಗುಣವಾಗಿ ಊರಿಗೆ ಹೋದ. ಹೋಗುವಾಗ ಕಪ್ಪು ರೇಷ್ಮೆಯನ್ನು ತೆಗೆಸಲು ಒಪ್ಪಲಿಲ್ಲ. ಅವನು ಹೋದ ಸಂಜೆ ನಮ್ಮವರು ಅಂಥದೇ ದಾರದ ಎಳೆಗಳನ್ನು ಹಿಡಿದುಕೊಂಡು ಬಂದು, ಅಂಗಿ ಎತ್ತಿ, "ನಂಗೂ ಒಂದು ಕಟ್ಟೇ" ಅಂದರು. ಮೆಡಿಕಲ್ ಕಾಲೇಜು ಸೇರಿದಾಗಲೇ ಉಡುದಾರ ಕಿತ್ತೆಸೆದಿದ್ದ ಮನುಷ್ಯ! "ಥೂ, ಈ ವಯಸ್ಸಲ್ಲಿ ಇದೇನು ಶೋಕಿ" ಅಂತ ನಗುತ್ತಾ ಕಟ್ಟಿದೆ, ಅದೇ ಗಂಟು.

ಹೋದ ವರ್ಷ ಒಂದು ಬೆಳಿಗ್ಗೆ ಅವರ ಹೃದಯ ನಿಂತುಹೋಯಿತು. ಹೊಳೆನರಸೀಪುರದಿಂದ ಬಂದ ಅವರ ದೊಡ್ಡಪ್ಪನ ಮಗ ಸ್ನಾನ ಮಾಡಿಸುವಾಗ, "ಉಡುದಾರ ತೆಗೀಬೇಕು, ಕತ್ತರಿ ಕೊಡಮ್ಮ" ಅಂದರು. ಕತ್ತರಿಗೆಂದು ಅವರು ಚಾಚಿದ ಕೈಯ ಮಣಿಕಟ್ಟು ಹಿಡಿದುಬಿಟ್ಟೆ. "ಬೇಡ, ಮುಟ್ಟಬೇಡಿ." ಹಾಗಂದ ಮೇಲೆ ಗೌರಮ್ಮ ನೆನಪಾದಳು. ಆದರೆ ಮೊಣಕೈ ಮುಟ್ಟಿ ನನ್ನನ್ನು ಸಮಾಧಾನ ಮಾಡುವವರೇ ಅಲ್ಲಿ ಮಲಗಿದ್ದರು. ಆ ಗಂಟು ಬಿಚ್ಚಲು ಬರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೆಗೆ ನಾನೇ ಕತ್ತರಿಸಿದೆ.

ಚಿಕ್ಕ ವಯಸ್ಸಿನ ಸರ್ಜನ್‌ಗಳು ಸಿಕ್ಕಾಗ ನಾನು ಹೇಳುವುದಿಷ್ಟೇ. ರೋಗಿಯ ಮೈಮೇಲಿರುವ ದಾರಕ್ಕೆ ಕತ್ತರಿ ಹಾಕುವ ಮೊದಲು, ಅದನ್ನು ಕಟ್ಟಿದವರು ಯಾರಪ್ಪಾ ಅಂತ ಒಂದು ಮಾತು ಕೇಳಿ. ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ ಅವರು.

ಇವತ್ತು ಅಡುಗೆಮನೆಯಲ್ಲಿ ಹುರುಳಿಕಾಳು ತೊಳೆದು ನೀರಿಗೆ ಹಾಕುವಾಗ ಬಾಯಿ ತಾನಾಗಿ ಅಂದುಬಿಟ್ಟಿತು: "ನೆನೆಹಾಕಿದೀನಿ ರೀ."